ಎರಡನೇ ಪೈಥಾನ್ ನೋಡಿಕೊಳ್ಳುವವರಿಗೆ ದಿನಾ ಏನು ಕೆಲಸ?

ಪ್ರಶ್ನೆ: ನಾನು ಕಂಪ್ಯೂಟರ್ ಸೈನ್ಸ್ ಕೊನೆಯ ವರ್ಷದಲ್ಲಿದ್ದೇನೆ. ಪೈಥಾನ್‌ಗೆ ಪೈಪೈ ಅಂತ ಇನ್ನೊಂದು ಇಂಪ್ಲಿಮೆಂಟೇಶನ್ (ಪೈಥಾನ್ ಕೋಡನ್ನು ಓಡಿಸುವ ಪ್ರೋಗ್ರಾಮ್) ಇದೆ, ತುಂಬಾ ವೇಗ ಅಂತ ಓದಿ ನನ್ನ ಪ್ರಾಜೆಕ್ಟನ್ನು ಅದರಲ್ಲಿ ಓಡಿಸಿ ನೋಡಿದೆ. ಬರೀ ಪೈಥಾನ್‌ನಲ್ಲಿ ಬರೆದಿದ್ದ ಭಾಗ ಜೋರಾಗಿ ಓಡಿತು. ಲೆಕ್ಕಕ್ಕೆ ಅಂತ ಇರುವ ನಂಪೈ ಲೈಬ್ರರಿ ಬಳಸಿದ ಭಾಗ ಮೊದಲಿಗಿಂತ ನಿಧಾನವಾಯಿತು. ಹೀಗೇಕೆ? ಭಾಷೆ ಅದೇ, ಕೋಡ್ ಬರೆದು ಮುಗಿದಿದೆ. ಹಾಗಿದ್ದ ಮೇಲೆ ಅದನ್ನು ನೋಡಿಕೊಳ್ಳುವವರು ದಿನಾ ಮಾಡುವ ಕೆಲಸ ಏನು? ನಾನೂ ಕೈ ಹಾಕಬಹುದಾ?

ಉತ್ತರ: "ಬರೆದು ಮುಗಿದಿದೆ" ಅಂದಿರಲ್ಲ, ಅಲ್ಲಿಂದಲೇ ಶುರು ಮಾಡೋಣ. ಈ ಕೆಲಸ ಮುಗಿಯುವುದೇ ಇಲ್ಲ. ಭಾಷೆ ಅದೇ ಅನ್ನುವುದೂ ಪೂರ್ತಿ ಸರಿಯಲ್ಲ, ಅದು ವರ್ಷಕ್ಕೊಮ್ಮೆ ಬದಲಾಗುತ್ತದೆ, ಆ ಗೋಳಿಗೆ ಆಮೇಲೆ ಬರುತ್ತೇನೆ. ಆದರೆ ಭಾಷೆ ಒಂದು ಚೂರೂ ಅಲುಗಾಡದೆ ನಿಂತಿದ್ದರೂ ಇವರಿಗೆ ಕೈ ತುಂಬಾ ಕೆಲಸ ಇರುತ್ತಿತ್ತು. ಯಾಕೆಂದರೆ ಪೈಥಾನ್ ಅಂದರೆ ಇಷ್ಟು, ಇದರಾಚೆ ಇಲ್ಲ ಅಂತ ಯಾರೂ ಪೂರ್ತಿಯಾಗಿ ಬರೆದಿಟ್ಟಿಲ್ಲ.

ಸಿ ಭಾಷೆಗೆ ಐಎಸ್‌ಒ ಸ್ಟ್ಯಾಂಡರ್ಡ್ ಇದೆ. ಪೈಥಾನ್‌ಗೆ ಅಂಥದ್ದಿಲ್ಲ. ಒಂದು ರೆಫರೆನ್ಸ್ ಮ್ಯಾನ್ಯುಯಲ್ ಇದೆ, ಒಳ್ಳೆಯದೇ. ಆದರೆ ಅದು ಹೇಳದೆ ಬಿಟ್ಟಿರುವುದು ಬೇಕಾದಷ್ಟು. ಅಂಥ ಕಡೆ ಸಂದೇಹ ಬಂದರೆ ಎಲ್ಲರೂ ನೋಡುವುದು ಒಂದನ್ನೇ: ಸಿಪೈಥಾನ್ ಏನು ಮಾಡುತ್ತದೆ? ಸಿಪೈಥಾನ್ ಅಂದರೆ ಗೈಡೋ ವಾನ್ ರಾಸಮ್ 1991ರಲ್ಲಿ ಹೊರಗೆ ಬಿಟ್ಟ, ಸಿ ಭಾಷೆಯಲ್ಲಿ ಬರೆದ ಮೂಲ ಇಂಪ್ಲಿಮೆಂಟೇಶನ್. ನೀವು ಪೈಥಾನ್ ಅಂತ ಡೌನ್‌ಲೋಡ್ ಮಾಡಿಕೊಂಡಿರುವುದು ಅದನ್ನೇ. ಪೈಪೈ 2003ರಲ್ಲಿ ಯುರೋಪಿನಲ್ಲಿ ಶುರುವಾಯಿತು. ಆರ್ಮಿನ್ ರಿಗೋ ಮತ್ತು ಜೊತೆಗಾರರು "ಪೈಥಾನನ್ನು ಪೈಥಾನ್‌ನಲ್ಲೇ ಬರೆದರೆ ಹೇಗೆ" ಅಂತ ಹೊರಟಿದ್ದು. ಹಾಗೆ ಬರೆದಿದ್ದನ್ನು ಮೆಷಿನ್ ಕೋಡ್ ಮಾಡುವ ಉಪಕರಣವನ್ನೂ, ಓಡುವಾಗಲೇ ಲೂಪ್‌ಗಳನ್ನು ಕಂಪೈಲ್ ಮಾಡುವ ಜಿಟ್ಟನ್ನೂ ಅವರೇ ಕಟ್ಟಿಕೊಂಡರು. ಅವರ ಬೆಂಚ್‌ಮಾರ್ಕ್‌ಗಳ ಸರಾಸರಿ ನೋಡಿದರೆ ಸಿಪೈಥಾನ್‌ಗಿಂತ ಸುಮಾರು ಮೂರು-ನಾಲ್ಕು ಪಟ್ಟು ವೇಗ. ಅದು ಸುಳ್ಳಲ್ಲ, ನೀವೇ ನೋಡಿದ್ದೀರಿ.

ವೇಗ ತರುವುದು ಬುದ್ಧಿವಂತಿಕೆಯ ಕೆಲಸ, ಅದಕ್ಕೆ ಪೇಪರ್ ಬರೆಯಬಹುದು, ಭಾಷಣ ಮಾಡಬಹುದು. ಉಳಿದ ಕೆಲಸ ಬೇರೆ. ಬೇರೆಯವರು ಬರೆದ ಒಂದು ಪ್ರೋಗ್ರಾಮ್ ಹೇಗೆಲ್ಲ ವರ್ತಿಸುತ್ತದೋ ಹಾಗೇ ವರ್ತಿಸಬೇಕು, ಅದರ ಅಭ್ಯಾಸಗಳು, ಚಟಗಳು, ಅದು ಯಾವತ್ತೋ ಆಕಸ್ಮಿಕವಾಗಿ ಮಾಡಿಕೊಂಡ ಏರ್ಪಾಡುಗಳು ಎಲ್ಲವನ್ನೂ ಸೇರಿಸಿ. ಒಂದು ಉದಾಹರಣೆ ಹತ್ತಿರದಿಂದ ನೋಡೋಣ.

ಒಂದು ಸಾಲಿನ ಪ್ರೋಗ್ರಾಮ್ ಇದೆ ಅಂದುಕೊಳ್ಳಿ. ಓಪನ್ ಅಂತ ಒಂದು ಫೈಲ್ ತೆರೆದು, ಚುಕ್ಕಿ ಇಟ್ಟು, ಅಲ್ಲೇ ರೈಟ್ ಅಂತ ಏನೋ ಬರೆದಿದ್ದೀರಿ. ಫೈಲನ್ನು ಯಾವ ವೇರಿಯಬಲ್‌ನಲ್ಲೂ ಇಟ್ಟುಕೊಂಡಿಲ್ಲ, ಕ್ಲೋಸ್ ಅಂತ ಹೇಳಿಲ್ಲ. ಮುಂದಿನ ಸಾಲಿನಲ್ಲಿ ಅದೇ ಫೈಲನ್ನು ಮತ್ತೆ ತೆರೆದು ಓದುತ್ತೀರಿ. ಸಿಪೈಥಾನ್‌ನಲ್ಲಿ ಇದು ಸರಿಯಾಗಿ ನಡೆಯುತ್ತದೆ. ಅಲ್ಲಿ ಪ್ರತಿ ಆಬ್ಜೆಕ್ಟ್ ಒಳಗೂ ಒಂದು ಎಣಿಕೆ ಇರುತ್ತದೆ, ನನ್ನನ್ನು ಎಷ್ಟು ಜನ ಹಿಡಿದುಕೊಂಡಿದ್ದಾರೆ ಅಂತ. ಸಾಲು ಮುಗಿದ ಕ್ಷಣ ಆ ಎಣಿಕೆ ಸೊನ್ನೆಯಾಗುತ್ತದೆ, ಫೈಲ್ ಅಲ್ಲೇ ಮುಚ್ಚುತ್ತದೆ, ಬಫರ್‌ನಲ್ಲಿದ್ದದ್ದು ಡಿಸ್ಕಿಗೆ ಹೋಗುತ್ತದೆ. ಪೈಪೈನಲ್ಲಿ ಎಣಿಕೆ ಇಲ್ಲ. ಅಲ್ಲಿ ಗಾರ್ಬೇಜ್ ಕಲೆಕ್ಟರ್ ಆಗೊಮ್ಮೆ ಈಗೊಮ್ಮೆ ಬಂದು ಬೇಡವಾದದ್ದನ್ನು ಬಳಿದುಕೊಂಡು ಹೋಗುತ್ತದೆ. ಅದು ಬರುವವರೆಗೆ ಫೈಲ್ ತೆರೆದೇ ಇರುತ್ತದೆ, ನೀವು ಬರೆದದ್ದು ಬಫರ್‌ನಲ್ಲೇ ಕೂತಿರುತ್ತದೆ. ಮತ್ತೆ ತೆರೆದು ಓದಿದರೆ ಖಾಲಿ! ಇದನ್ನೇ ಸಾವಿರಾರು ಫೈಲ್ ತೆರೆಯುವ ಸರ್ವರ್‌ನಲ್ಲಿ ಮಾಡಿ ನೋಡಿ, ಸ್ವಲ್ಪ ಹೊತ್ತಿಗೆ ಆಪರೇಟಿಂಗ್ ಸಿಸ್ಟಮ್ "ತುಂಬಾ ಫೈಲ್ ತೆರೆದಿದ್ದೀಯ" ಅಂತ ಕೈ ಎತ್ತುತ್ತದೆ.

ತಪ್ಪು ಯಾರದ್ದು? ಕಾನೂನಿನ ಪ್ರಕಾರ ಹೇಳಬೇಕೆಂದರೆ ಪೈಪೈ ನಿರಪರಾಧಿ. ಇಂಪ್ಲಿಮೆಂಟೇಶನ್ ಆಬ್ಜೆಕ್ಟನ್ನು ತಡವಾಗಿ ಬಿಡುಗಡೆ ಮಾಡಬಹುದು, ತಕ್ಷಣ ಮುಚ್ಚುತ್ತದೆ ಅಂತ ನಂಬಿ ಕೂರಬೇಡಿ ಅಂತ ಮ್ಯಾನ್ಯುಯಲ್‌ನಲ್ಲೇ ಇದೆ. 2006ರಲ್ಲಿ ಬಂದ ಪೈಥಾನ್ 2.5 ಆವೃತ್ತಿಯಿಂದ, ಕೆಲಸ ಮುಗಿದೊಡನೆ ಫೈಲನ್ನು ತಾನೇ ಮುಚ್ಚುವ ವಿತ್ ಅನ್ನುವ ಸ್ಟೇಟ್‌ಮೆಂಟ್ ಇದೆ, ಅದನ್ನು ಬಳಸಿದರೆ ಎರಡೂ ಕಡೆ ಒಂದೇ ಫಲಿತಾಂಶ. ಆದರೆ ಬಗ್ ರಿಪೋರ್ಟ್ ಬರೆಯುವ ಮನುಷ್ಯ ಮ್ಯಾನ್ಯುಯಲ್ ಓದಿ ಬಂದಿರುವುದಿಲ್ಲ. "ನನ್ನ ಕೋಡ್ ಹತ್ತು ವರ್ಷದಿಂದ ಸರಿಯಾಗಿ ನಡೆಯುತ್ತಿದೆ, ನಿಮ್ಮದರಲ್ಲಿ ಒಡೆದುಹೋಯಿತು" ಅನ್ನುತ್ತಾನೆ. ಅವನ ದೃಷ್ಟಿಯಲ್ಲಿ ಅದೂ ಸರಿ, ಅಲ್ವಾ? ಹಾಗಾಗಿ ಪೈಪೈನವರು ಬರೀ ವಾದ ಮಾಡಿ ಸುಮ್ಮನಾಗಲಿಲ್ಲ. ಮುಚ್ಚದೆ ಬಿಟ್ಟ ಫೈಲ್ ಯಾವುದು, ಯಾವ ಸಾಲಿನಲ್ಲಿ ತೆರೆದದ್ದು ಅಂತ ಎಚ್ಚರಿಕೆ ಕೊಡುವ ಒಂದು ಆಯ್ಕೆಯನ್ನು ಸೇರಿಸಿದರು. ದಿನನಿತ್ಯದ ಕೆಲಸ ಏನು ಅಂತ ಕೇಳಿದಿರಲ್ಲ, ಒಂದು ದೊಡ್ಡ ಭಾಗ ಇದೇ. ನಮ್ಮದು ತಪ್ಪಲ್ಲ ಅಂತ ಗೊತ್ತಿದ್ದೂ ಬೇರೆಯವರ ತಪ್ಪನ್ನು ಹುಡುಕಿ ಕೊಡುವುದು.

ಇಂಥವು ಹನುಮಂತನ ಬಾಲದಷ್ಟಿವೆ. ಲೂಪ್ ಒಳಗೆ ಪ್ಲಸ್-ಈಕ್ವಲ್ ಹಾಕಿ ಸ್ಟ್ರಿಂಗ್ ಬೆಳೆಸುತ್ತಾ ಹೋಗುವುದನ್ನೇ ತೆಗೆದುಕೊಳ್ಳಿ. ಪ್ರತಿ ಸಲ ಹೊಸ ಸ್ಟ್ರಿಂಗ್ ಮಾಡಿ ಹಳೆಯದನ್ನು ನಕಲು ಮಾಡಬೇಕು, ನಿಧಾನ ಆಗಲೇಬೇಕು. ಆದರೆ ಸಿಪೈಥಾನ್ 2.4ರಿಂದ ಒಂದು ಉಪಾಯ ಮಾಡುತ್ತದೆ. ಈ ಸ್ಟ್ರಿಂಗನ್ನು ಹಿಡಿದುಕೊಂಡಿರುವವನು ಒಬ್ಬನೇ ಅಂತ ಎಣಿಕೆ ನೋಡಿ ಗೊತ್ತಾದರೆ ಅಲ್ಲಲ್ಲೇ ಹಿಗ್ಗಿಸುತ್ತದೆ. ಎಣಿಕೆಯೇ ಇಲ್ಲದ ಪೈಪೈಗೆ ಆ ಉಪಾಯ ಸಿಗುವುದಿಲ್ಲ. ಸಾವಿರ ಸಾಲಿಗೆ ಗೊತ್ತೇ ಆಗದು, ಹತ್ತು ಲಕ್ಷ ಸಾಲಿಗೆ ಕಾಫಿ ಕುಡಿದು ಬಂದರೂ ಮುಗಿದಿರುವುದಿಲ್ಲ. ಪೈಥಾನ್‌ನ ಸ್ಟೈಲ್ ಗೈಡ್ ಪೆಪ್ 8ರಲ್ಲೇ ಪೈಪೈ, ಜೈಥಾನ್ (ಜಾವಾ ಮೇಲೆ ಓಡುವ ಪೈಥಾನ್) ಹೆಸರು ಹೇಳಿ, ಬೇರೆ ಇಂಪ್ಲಿಮೆಂಟೇಶನ್‌ಗಳಿಗೆ ತೊಂದರೆ ಆಗದಂತೆ ಬರೆಯಿರಿ, ಜಾಯಿನ್ ಬಳಸಿ ಅಂತ ಇದೆ. ಓದುವವರು ಯಾರು ಹೇಳಿ.

ಇನ್ನು ಈಸ್ ಅನ್ನುವ ಆಪರೇಟರ್. ಎರಡು ಹೆಸರು ಒಂದೇ ಆಬ್ಜೆಕ್ಟನ್ನು ತೋರಿಸುತ್ತಿವೆಯಾ ಅಂತ ಕೇಳುವುದು. ಸಿಪೈಥಾನ್ -5ರಿಂದ 256ರವರೆಗಿನ ಸಂಖ್ಯೆಗಳನ್ನು ಒಂದೊಂದೇ ಮಾಡಿ ಇಟ್ಟುಕೊಂಡಿರುತ್ತದೆ. ಹಾಗಾಗಿ ಸಂಖ್ಯೆ ಚಿಕ್ಕದಿದ್ದರೆ ಈಸ್ ಹೂಂ ಅನ್ನುತ್ತದೆ, ದೊಡ್ಡದಾದರೆ ಎಷ್ಟೋ ಸಲ ಊಹೂಂ ಅನ್ನುತ್ತದೆ. ಪೈಪೈನಲ್ಲಿ ಸಂಖ್ಯೆಗೆ ಸ್ವಂತ ವಿಳಾಸ ಅಂತಲೇ ಇರಬೇಕಿಲ್ಲ, ಬರೀ ರಿಜಿಸ್ಟರ್‌ನಲ್ಲಿರುವ ಒಂದು ಮೌಲ್ಯ ಆಗಿರಬಹುದು. ಹಾಗಾದರೆ ಈಸ್ ಕೇಳಿದರೆ ಏನು ಹೇಳಬೇಕು? ಮೌಲ್ಯ ಒಂದೇ ಆಗಿದ್ದರೆ ಎರಡೂ ಒಂದೇ ಅಂತ ಅವರು ತೀರ್ಮಾನಿಸಿದರು, ಐಡಿ ಅನ್ನುವ ಫಂಕ್ಷನ್ ಕೂಡ ಸಂಖ್ಯೆಗಳಿಗೆ ವಿಳಾಸದ ಬದಲು ಮೌಲ್ಯದಿಂದಲೇ ಲೆಕ್ಕ ಹಾಕಿ ಉತ್ತರ ಕೊಡುತ್ತದೆ. ಒಂದು ಪದದ ಆಪರೇಟರ್‌ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕು.

ನಿಮ್ಮ ನಂಪೈ ಪ್ರಶ್ನೆಗೆ ಬರುತ್ತೇನೆ. ಇದೇ ನಿಜವಾದ ಗಂಟು.

ಪೈಥಾನ್ ಜನಪ್ರಿಯವಾಗಿರುವುದು ಬರೀ ಭಾಷೆಯಿಂದಲ್ಲ, ಅದರ ಹಿಂದೆ ಸಿ ಭಾಷೆಯಲ್ಲಿ ಬರೆದ ಲೈಬ್ರರಿಗಳ ಒಂದು ಸೈನ್ಯ ಇದೆ. ನಂಪೈ, ಪಾಂಡಾಸ್, ಇಂಥವು. ಅವೆಲ್ಲ ಸಿಪೈಥಾನ್‌ನ ಸಿ ಎಪಿಐ, ಅಂದರೆ ಸಿ ಕೋಡ್ ಸಿಪೈಥಾನ್ ಜೊತೆ ವ್ಯವಹರಿಸಲು ಇರುವ ಫಂಕ್ಷನ್‌ಗಳ ಮೂಲಕ ಮಾತಾಡುತ್ತವೆ. ಆ ಎಪಿಐಯನ್ನು ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ, ಸಿಪೈಥಾನ್ ಒಳಗಿನದ್ದೇ ಹೊರಗೆ ಕಾಣುವಂತೆ ಬಿಟ್ಟದ್ದು. ಆಬ್ಜೆಕ್ಟ್ ಮೆಮೊರಿಯಲ್ಲಿ ಒಂದು ಕಡೆ ಅಲುಗಾಡದೆ ಇರುತ್ತದೆ, ಅದರೊಳಗೆ ಎಣಿಕೆ ಇರುತ್ತದೆ, ಲಿಸ್ಟ್ ಅಂದರೆ ಪಾಯಿಂಟರ್‌ಗಳ ಸಾಲು. ಇದೆಲ್ಲ ನಿಜ ಅಂತ ಆ ಲೈಬ್ರರಿಗಳು ನಂಬಿಕೊಂಡಿವೆ. ಪೈಪೈನಲ್ಲಿ ಈ ಮೂರೂ ಸುಳ್ಳು. ಅಲ್ಲಿ ಕಲೆಕ್ಟರ್ ಆಬ್ಜೆಕ್ಟನ್ನು ಒಂದು ಜಾಗದಿಂದ ಇನ್ನೊಂದಕ್ಕೆ ಎತ್ತಿ ಇಡುತ್ತದೆ, ಎಣಿಕೆ ಇಲ್ಲ. ಲಿಸ್ಟ್‌ನಲ್ಲಿ ಬರೀ ಪೂರ್ಣಾಂಕಗಳಿದ್ದರೆ ಪಾಯಿಂಟರ್ ಗೊಡವೆಯೇ ಇಲ್ಲದೆ ಆ ಪೂರ್ಣಾಂಕಗಳನ್ನೇ ಸಾಲಾಗಿ ಇಟ್ಟುಬಿಡುತ್ತದೆ. ಪೈಪೈ ವೇಗದ ಗುಟ್ಟೇ ಇಂಥ ಸ್ವಾತಂತ್ರ್ಯದಲ್ಲಿದೆ.

ಈಗ ಒಂದು ಸಿ ಲೈಬ್ರರಿ ಬಂದು "ಆ ಲಿಸ್ಟ್‌ನ ಪಾಯಿಂಟರ್ ಸಾಲು ಕೊಡು" ಅಂತ ಕೇಳುತ್ತದೆ. ಪೈಪೈ ಏನು ಮಾಡಬೇಕು? ಪ್ರತಿ ಪೂರ್ಣಾಂಕಕ್ಕೂ ಸಿಪೈಥಾನ್ ಆಕಾರದ ಒಂದು ನಕಲಿ ಆಬ್ಜೆಕ್ಟ್ ಕಟ್ಟಬೇಕು. ಅದಕ್ಕೊಂದು ಎಣಿಕೆ ಇಡಬೇಕು, ಅದು ಅಲುಗಾಡದಂತೆ ನೋಡಿಕೊಳ್ಳಬೇಕು, ಅಸಲಿಗೂ ನಕಲಿಗೂ ನಂಟು ಇಟ್ಟುಕೊಳ್ಳಬೇಕು, ಸಿ ಕಡೆಯವರು ಕೈಬಿಟ್ಟ ಮೇಲೆ ಅದನ್ನು ಬಿಡುಗಡೆ ಮಾಡಬೇಕು. ಪ್ರತಿ ಸಲ ಆ ಗಡಿ ದಾಟಿದಾಗಲೂ ಇಷ್ಟು ಸುಂಕ ಕಟ್ಟಲೇಬೇಕು. ಈ ಪದರಕ್ಕೆ ಸಿಪೈಎಕ್ಸ್‌ಟ್ ಅಂತ ಹೆಸರು. ನೀವು ನಂಪೈಗೆ ದೊಡ್ಡ ಅರೇ ಒಂದನ್ನು ಕೊಟ್ಟು "ಪೂರ್ತಿ ಕೂಡಿಸು" ಅಂದರೆ ಗಡಿ ದಾಟುವುದು ಒಂದೇ ಸಲ, ತೊಂದರೆ ಗೊತ್ತಾಗುವುದಿಲ್ಲ. ಲೂಪ್ ಹಾಕಿ ಒಂದೊಂದೇ ಅಂಶ ಮುಟ್ಟಿದರೆ ಲಕ್ಷ ಸಲ ದಾಟುತ್ತೀರಿ. ನಿಮ್ಮ ಪ್ರಾಜೆಕ್ಟ್‌ನಲ್ಲಿ ನಿಧಾನವಾದ ಭಾಗ ತೆರೆದು ನೋಡಿ, ಬಹುಪಾಲು ಅಂಥ ಲೂಪ್ ಸಿಗುತ್ತದೆ.

ಇದನ್ನು ಬಿಡಿಸಲು ಅವರು ಒಂದೇ ದಾರಿ ಹಿಡಿಯಲಿಲ್ಲ. 2011ರಲ್ಲಿ ಚಂದಾ ಎತ್ತಿ ನಂಪೈಯನ್ನೇ ತಮ್ಮ ಕಡೆ ಹೊಸದಾಗಿ ಬರೆಯಲು ಹೊರಟರು. ವರ್ಷಗಟ್ಟಲೆ ನಡೆಯಿತು. ನನ್ನ ಮಟ್ಟಿಗೆ ಅದು ಗೆಲ್ಲುವ ಆಟವೇ ಆಗಿರಲಿಲ್ಲ. ಪೈಥಾನ್ ಹಿಂದೆ ಓಡುವುದೇ ಸಾಕಾಗಿ ಹೋಗಿರುವಾಗ ನಂಪೈ ಹಿಂದೆಯೂ ಓಡುವುದು, ಅದು ಸಿಕ್ಕರೂ ಅದರ ಮೇಲೆ ನಿಂತ ಸೈಪೈ ಅನ್ನುವ ವೈಜ್ಞಾನಿಕ ಲೈಬ್ರರಿ ಮತ್ತೆ ಸಿ ಎಪಿಐಯನ್ನೇ ಕೇಳುವುದು. ಕೊನೆಗೆ ಅದನ್ನು ಬದಿಗಿಟ್ಟು ಮೂಲ ನಂಪೈಯನ್ನೇ ಸಿಪೈಎಕ್ಸ್‌ಟ್ ಮೇಲೆ ಓಡಿಸುವ ಕಡೆ ತಿರುಗಿದರು. ನಿಧಾನವಾದರೂ ಓಡಲಿ ಅಂತ. 2012ರಲ್ಲಿ ಬಂದ ಸಿಎಫ್‌ಎಫ್‌ಐ ಇದಕ್ಕಿಂತ ಜಾಣ ದಾರಿ. ಸಿ ಲೈಬ್ರರಿಯನ್ನು ಕರೆಯಲು ಇಂಟರ್‌ಪ್ರಿಟರ್‌ನ ಒಳಗನ್ನು ಮುಟ್ಟಬೇಕಿಲ್ಲ, ಎರಡೂ ಪೈಥಾನ್‌ನಲ್ಲಿ ನಡೆಯುತ್ತದೆ. ಅದು ಪೈಪೈ ಆಚೆಗೂ ಹರಡಿತು, ಕ್ರಿಪ್ಟೋಗ್ರಫಿ ಅನ್ನುವ ಹೆಸರಾಂತ ಪ್ಯಾಕೇಜ್ ಕೂಡ ಅದನ್ನು ಬಳಸಿದೆ. ಆಮೇಲೆ 2019ರಲ್ಲಿ ಎಚ್‌ಪೈ ಅಂತ ಹೊಸ ಎಪಿಐ ಶುರು ಮಾಡಿದರು. ಅದರಲ್ಲಿ ಲೈಬ್ರರಿ ಕೈಗೆ ಪಾಯಿಂಟರ್ ಕೊಡುವುದಿಲ್ಲ, ಒಂದು ಚೀಟಿ ಕೊಡುತ್ತಾರೆ, ಆಬ್ಜೆಕ್ಟ್ ಎಲ್ಲಿದೆ ಹೇಗಿದೆ ಅನ್ನುವುದು ಇಂಟರ್‌ಪ್ರಿಟರ್‌ಗೆ ಮಾತ್ರ ಗೊತ್ತು. ವಿನ್ಯಾಸ ಚೆನ್ನಾಗಿದೆ. ಆದರೆ ಸಾವಿರಾರು ಲೈಬ್ರರಿಗಳು ಹೊಸ ಎಪಿಐಗೆ ಬದಲಾಗಬೇಕು, ಅವರಿಗೆ ಅದರಿಂದ ತಕ್ಷಣಕ್ಕೆ ಸಿಗುವ ಲಾಭ ಕಡಿಮೆ. ತಾಂತ್ರಿಕ ಪ್ರಶ್ನೆ ಬಗೆಹರಿದ ಮೇಲೂ ಜನರನ್ನು ಒಪ್ಪಿಸುವ ಕೆಲಸ ಉಳಿಯುತ್ತದೆ, ಅದಕ್ಕೆ ಕಂಪೈಲರ್ ಇಲ್ಲ.

ಕನ್ನಡ ಬರೆಯುವವರಿಗೆ ಹತ್ತಿರದ ಒಂದು ವಿಷಯ ಹೇಳಿ ಮುಂದೆ ಹೋಗುತ್ತೇನೆ. "ಕನ್ನಡ" ಅನ್ನುವ ಸ್ಟ್ರಿಂಗ್ ತೆಗೆದುಕೊಳ್ಳಿ. ಯೂನಿಕೋಡ್ ಲೆಕ್ಕದಲ್ಲಿ ಅದು 5 ಕೋಡ್ ಪಾಯಿಂಟ್, ಅಂದರೆ ಸಂಖ್ಯೆ ಕೊಟ್ಟ 5 ಗುರುತು: ಕ, ನ, ಹಲಂತದ ಗುರುತು, ಮತ್ತೆ ನ, ಡ. ಸಿಪೈಥಾನ್ 3.3ರಿಂದ ಸ್ಟ್ರಿಂಗ್‌ನಲ್ಲಿರುವ ಅತಿ ದೊಡ್ಡ ಅಕ್ಷರ ನೋಡಿ ಪ್ರತಿ ಅಕ್ಷರಕ್ಕೆ 1, 2 ಅಥವಾ 4 ಬೈಟ್ ಕೊಡುತ್ತದೆ. ಕನ್ನಡಕ್ಕೆ 2, ಒಟ್ಟು 10 ಬೈಟ್. ಪೈಪೈ 2019ರ 7.1ರಿಂದ ಒಳಗೆಲ್ಲ ಯುಟಿಎಫ್-8 ಇಟ್ಟುಕೊಳ್ಳುತ್ತದೆ, ಕನ್ನಡದ ಅಕ್ಷರಕ್ಕೆ 3 ಬೈಟ್, ಒಟ್ಟು 15. ಮೆಮೊರಿಯಲ್ಲಿ ನಮಗೆ ಸ್ವಲ್ಪ ನಷ್ಟ. ಆದರೆ ಫೈಲ್‌ನಿಂದ, ನೆಟ್‌ವರ್ಕ್‌ನಿಂದ ಬರುವುದೂ ಹೋಗುವುದೂ ಹೆಚ್ಚಾಗಿ ಯುಟಿಎಫ್-8 ಆಗಿರುವುದರಿಂದ ಪರಿವರ್ತನೆಯ ಖರ್ಚು ಉಳಿಯುತ್ತದೆ. ತೊಂದರೆ ಎಲ್ಲಿ ಅಂದರೆ, ಸ್ಟ್ರಿಂಗ್‌ನ ಹತ್ತು ಸಾವಿರದನೇ ಅಕ್ಷರ ಕೊಡು ಅಂದಾಗ. ಸಿಪೈಥಾನ್ ಒಂದು ಗುಣಾಕಾರ ಮಾಡಿ ನೇರ ಅಲ್ಲಿಗೆ ಹೋಗುತ್ತದೆ. ಯುಟಿಎಫ್-8ನಲ್ಲಿ ಅಕ್ಷರಗಳ ಅಗಲ ಬೇರೆಬೇರೆ, ಮೊದಲಿಂದ ಎಣಿಸಿಕೊಂಡು ಬರಬೇಕು. ಹಾಗೆ ಎಣಿಸಿದರೆ ಜನರ ಲೂಪ್‌ಗಳು ಮುಗಿಯುವುದೇ ಇಲ್ಲ. ಅದಕ್ಕೆ ಇಂಥ ಪ್ರಶ್ನೆ ಬಂದಾಗ ಪೈಪೈ ಒಂದು ಪಟ್ಟಿ ಕಟ್ಟಿಕೊಳ್ಳುತ್ತದೆ, ಅಲ್ಲಲ್ಲಿ ಈ ಅಕ್ಷರ ಈ ಬೈಟ್‌ನಲ್ಲಿದೆ ಅಂತ ಗುರುತು ಹಾಕಿಟ್ಟದ್ದು, ಅದನ್ನು ಹಿಡಿದು ಹತ್ತಿರಕ್ಕೆ ಹೋಗಿ ಅಲ್ಲಿಂದ ಎಣಿಸುತ್ತದೆ. ಇಂಡೆಕ್ಸ್ ಮಾಡುವುದು ಬೇಗ ಆಗಬೇಕು ಅಂತ ಜನ ನಂಬಿದ್ದಾರೆ. ಆ ನಂಬಿಕೆಗಾಗಿ ಇಷ್ಟು ಕೋಡ್, ಅದರ ಬಗ್‌ಗಳು, ಅದರ ಟೆಸ್ಟ್‌ಗಳು.

ಈಗ ವರ್ಷಕ್ಕೊಮ್ಮೆಯ ಗೋಳು. 2020ರ ಅಕ್ಟೋಬರ್‌ನಲ್ಲಿ ಬಂದ 3.9ರಿಂದ ಸಿಪೈಥಾನ್ ಪ್ರತಿ ಅಕ್ಟೋಬರ್‌ಗೆ ಹೊಸ ಆವೃತ್ತಿ ಬಿಡುತ್ತಿದೆ. ಹೊಸ ಸಿಂಟ್ಯಾಕ್ಸ್ ಬರುತ್ತದೆ, ಅದನ್ನು ಬರೆದುಬಿಡಬಹುದು, ಅದೇನು ದೊಡ್ಡದಲ್ಲ. ಕಷ್ಟ ಇರುವುದು ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ. ಅದರಲ್ಲಿ ಪೈಥಾನ್‌ನಲ್ಲೇ ಬರೆದ ಭಾಗವನ್ನು ತಂದು ಇಟ್ಟುಕೊಳ್ಳಬಹುದು. ಸಿಯಲ್ಲಿ ಬರೆದದ್ದನ್ನೆಲ್ಲ ತಮ್ಮ ರೀತಿಯಲ್ಲಿ ಮತ್ತೆ ಬರೆಯಬೇಕು. ಆಮೇಲೆ ಸಿಪೈಥಾನ್‌ನ ಟೆಸ್ಟ್‌ಗಳನ್ನು ತಂದು ಓಡಿಸುತ್ತಾರೆ. ಕೆಲವು ಟೆಸ್ಟ್‌ಗಳ ಮೇಲೆ "ಇದು ಸಿಪೈಥಾನ್‌ಗೆ ಮಾತ್ರ" ಅಂತ ಗುರುತು ಇರುತ್ತದೆ, ಅದು ದೊಡ್ಡ ಉಪಕಾರ. ಗುರುತು ಇಲ್ಲದೆ ಬಿದ್ದ ಟೆಸ್ಟ್ ಒಂದೊಂದನ್ನೂ ಕೂತು ನೋಡಬೇಕು: ಇದು ಭಾಷೆಯ ನಿಯಮವಾ, ಅಥವಾ ಸಿಪೈಥಾನ್‌ನ ಒಳಗಿನ ವಿಷಯ ಟೆಸ್ಟ್ ಒಳಗೆ ನುಸುಳಿದ್ದಾ? ಎಷ್ಟೋ ಸಲ ಒಂದು ಎರರ್ ಮೆಸೇಜ್‌ನಲ್ಲಿ ಒಂದು ಪದ ಬೇರೆ ಇರುವುದಕ್ಕೆ ಟೆಸ್ಟ್ ಬಿದ್ದಿರುತ್ತದೆ. ಬದಲಾಯಿಸಬೇಕಾ ಬೇಡವಾ? ಹೊರಗೆ ಯಾರೋ ತಮ್ಮ ಟೆಸ್ಟ್‌ನಲ್ಲಿ ಆ ಮೆಸೇಜನ್ನು ಅಕ್ಷರಕ್ಕೆ ಅಕ್ಷರ ಹೋಲಿಸುತ್ತಿರಬಹುದು. ಬದಲಾಯಿಸುತ್ತಾರೆ.

ಇದರ ಪರಿಣಾಮ ನೋಡಿ. ಸಿಪೈಥಾನ್ 3.11 ಬಂದದ್ದು 2022ರ ಅಕ್ಟೋಬರ್‌ನಲ್ಲಿ. ಅದೇ ಪೈಥಾನ್ 3.11ಕ್ಕೆ ಹೊಂದುವ ಪೈಪೈ ಬಂದದ್ದು 2025ರ ಫೆಬ್ರವರಿಯಲ್ಲಿ, ಅಷ್ಟು ಹೊತ್ತಿಗೆ ಆ ಕಡೆ 3.13 ಬಂದಾಗಿತ್ತು. ಸೋಮಾರಿತನದಿಂದಲ್ಲ. ಬೆರಳೆಣಿಕೆಯ ಜನ, ಎದುರಿಗೆ ದೊಡ್ಡ ತಂಡ. ಅದರ ಮೇಲೆ ಇನ್ನೊಂದು ತಮಾಷೆ ಕೇಳಿ: ಪೈಪೈಯನ್ನು ಬರೆದಿರುವುದು ಆರ್‌ಪೈಥಾನ್ ಅನ್ನುವುದರಲ್ಲಿ, ಅದು ಪೈಥಾನ್ 2.7ರ ಒಂದು ಕಿರಿದಾದ ಭಾಗ. ಪೈಥಾನ್ 2 ಅಧಿಕೃತವಾಗಿ 2020ರ ಜನವರಿ 1ಕ್ಕೆ ಕಣ್ಣು ಮುಚ್ಚಿತು. ಆದರೆ ತಮ್ಮನ್ನು ತಾವು ಕಟ್ಟಿಕೊಳ್ಳಲು ಬೇಕಾದ್ದರಿಂದ ಪೈಪೈನವರು 2.7ನ್ನೂ ಉಳಿಸಿಕೊಂಡೇ ಬಂದಿದ್ದಾರೆ. ಉಳಿದ ಎರಡನೇ ಪೈಥಾನ್‌ಗಳ ಸ್ಥಿತಿ ಇನ್ನೂ ಕಷ್ಟ. ಜಾವಾ ಮೇಲೆ ಓಡುವ ಜೈಥಾನ್ 1997ರಷ್ಟು ಹಿಂದೆಯೇ ಶುರುವಾದದ್ದು, ಅದು 2.7ರಿಂದ ಮುಂದಕ್ಕೆ ಬರಲಿಲ್ಲ. ಡಾಟ್‌ನೆಟ್ ಮೇಲಿನ ಐರನ್‌ಪೈಥಾನ್ 2022ರ ಕೊನೆಗೆ 3.4 ಮುಟ್ಟಿತು. ಮೂಲ 3.4 ಬಂದದ್ದು 2014ರಲ್ಲಿ.

ಜಿಟ್ ಬಗ್‌ಗಳ ಬಗ್ಗೆಯೂ ಒಂದು ಮಾತು, ಯಾಕೆಂದರೆ ಕಾಲೇಜಿನವರಿಗೆ ಆಕರ್ಷಣೆ ಇರುವುದು ಅಲ್ಲೇ. ಡೀಫಾಲ್ಟ್ ಲೆಕ್ಕದಲ್ಲಿ ಒಂದು ಲೂಪ್ 1039 ಸಲ ಸುತ್ತಿದ ಮೇಲೆ ಪೈಪೈ ಅದನ್ನು ಬಿಸಿ ಲೂಪ್ ಅಂತ ಗುರುತಿಸುತ್ತದೆ. ಮುಂದಿನ ಸುತ್ತಿನಲ್ಲಿ ನಡೆದದ್ದನ್ನೆಲ್ಲ ದಾಖಲೆ ಮಾಡಿಕೊಂಡು, ಈ ದಾರಿಯಲ್ಲೇ ನಡೆಯುತ್ತದೆ ಅಂತ ಊಹಿಸಿ, ಊಹೆ ತಪ್ಪಿದರೆ ವಾಪಸ್ ಬರಲು ಅಲ್ಲಲ್ಲಿ ಕಾವಲು ಹಾಕಿ, ಮೆಷಿನ್ ಕೋಡ್ ಮಾಡುತ್ತದೆ. ಇಲ್ಲಿ ಏನಾದರೂ ಎಡವಟ್ಟಾದರೆ ಬಗ್ ಕಾಣಿಸುವುದು ಪ್ರೋಗ್ರಾಮ್ ಶುರುವಾಗಿ ಎಷ್ಟೋ ಹೊತ್ತಿನ ಮೇಲೆ. ಹುಡುಕೋಣ ಅಂತ ಒಂದು ಪ್ರಿಂಟ್ ಸೇರಿಸಿದರೆ ದಾಖಲೆಯ ದಾರಿಯೇ ಬದಲಾಗುತ್ತದೆ, ಬಗ್ ಮಾಯ. ಪ್ರಿಂಟ್ ತೆಗೆದರೆ ಮತ್ತೆ ಹಾಜರ್. ಸಣ್ಣ ಬದಲಾವಣೆ ಮಾಡಿ ಪೂರ್ತಿ ಪೈಪೈ ಮತ್ತೆ ಕಟ್ಟಬೇಕೆಂದರೆ ಹಲವು ಜಿಬಿ ಮೆಮೊರಿ ತಿಂದುಕೊಂಡು ಬಹಳ ಹೊತ್ತು ಹಿಡಿಯುತ್ತದೆ. ಕಾಯುವವರ ಬೇಸರ ಕಳೆಯಲೋ ಏನೋ, ಅದು ಓಡುತ್ತಿರುವಾಗ ಟರ್ಮಿನಲ್‌ನಲ್ಲಿ ಅಕ್ಷರಗಳಲ್ಲೇ ಮ್ಯಾಂಡೆಲ್‌ಬ್ರಾಟ್ ಅನ್ನುವ ಗಣಿತದ ಚಿತ್ರ ಬಿಡಿಸುತ್ತಾ ಕೂರುತ್ತದೆ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ, ಹೇಳಲು ಜಾಸ್ತಿ ಇಲ್ಲ, ಬರುವುದೂ ಜಾಸ್ತಿ ಇಲ್ಲ. ಶುರುವಿನಲ್ಲಿ 2004ರ ಕೊನೆಯಿಂದ 2007ರವರೆಗೆ ಯುರೋಪಿಯನ್ ಯೂನಿಯನ್ ಹಣ ಕೊಟ್ಟಿತು. ಆಮೇಲೆ ಚಂದಾ, ಅಲ್ಲೊಂದು ಇಲ್ಲೊಂದು ಗುತ್ತಿಗೆ ಕೆಲಸ. 2016ರಲ್ಲಿ ಮೊಜಿಲ್ಲಾ ಪೈಥಾನ್ 3.5 ಬೆಂಬಲಕ್ಕೆ ಅಂತ 2 ಲಕ್ಷ ಡಾಲರ್ ಕೊಟ್ಟಿತು. ಗಮನಿಸಿ, ಹೊಸ ಸೌಲಭ್ಯ ಸೇರಿಸಲು ಹಣ ಕೊಡುವವರು ಸಿಗುತ್ತಾರೆ. ಬಿದ್ದ ಟೆಸ್ಟ್ ಎತ್ತಿ ನಿಲ್ಲಿಸಲು ಕೊಡುವವರು ಸಿಗುವುದು ಕಷ್ಟ. ದೊಡ್ಡ ಕಂಪನಿ ಬೆನ್ನಿಗಿದ್ದರೂ ಗ್ಯಾರಂಟಿ ಇಲ್ಲ: ಡ್ರಾಪ್‌ಬಾಕ್ಸ್ 2014ರಲ್ಲಿ ಪಿಸ್ಟನ್ ಅಂತ ತನ್ನದೇ ಪೈಥಾನ್ ಪ್ರಕಟಿಸಿ 2017ರಲ್ಲಿ ಕೈಬಿಟ್ಟಿತು. ಅದನ್ನು ಬರೆದವರು 2020ರಲ್ಲಿ ಮತ್ತೆ ಬಂದಾಗ ಹೊಸದಾಗಿ ಬರೆಯಲಿಲ್ಲ, ಸಿಪೈಥಾನ್ ಕೋಡನ್ನೇ ತೆಗೆದುಕೊಂಡು ಅದರ ಮೇಲೆ ಕೆಲಸ ಮಾಡಿದರು. ಆ ಒಂದು ತೀರ್ಮಾನದಲ್ಲಿ ನಾನು ಇಲ್ಲಿಯವರೆಗೆ ಹೇಳಿದ್ದೆಲ್ಲ ಇದೆ.

ಹಾಗಾದರೆ ಇಷ್ಟು ಕಷ್ಟಪಟ್ಟು ಯಾಕೆ ಮಾಡುತ್ತಾರೆ ಅಂತ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಎರಡನೆಯದು ಇರುವುದರಿಂದಲೇ ಮೊದಲನೆಯದರಲ್ಲಿ ಯಾವುದು ಭಾಷೆ, ಯಾವುದು ಚಟ ಅಂತ ಬೇರೆಯಾಗಿ ಕಾಣುತ್ತದೆ. ರೂಬಿ ಅನ್ನುವ ಇನ್ನೊಂದು ಭಾಷೆಯಲ್ಲಿ ಇದು ಇನ್ನೂ ಚೆನ್ನಾಗಿ ನಡೆಯಿತು. ರೂಬಿನಿಯಸ್ ಅನ್ನುವ ಪರ್ಯಾಯ ರೂಬಿ ಕಟ್ಟುತ್ತಿದ್ದವರು, ರೂಬಿ ಹೇಗೆ ನಡೆದುಕೊಳ್ಳಬೇಕು ಅಂತ ಓಡಿಸಿ ನೋಡಬಹುದಾದ ಟೆಸ್ಟ್‌ಗಳನ್ನು ಬರೆಯುತ್ತಾ ಹೋದರು. ಅದೇ ಬೆಳೆದು ರೂಬಿಸ್ಪೆಕ್ ಆಯಿತು. 2014ರ ಕೊನೆಗೆ ಅದನ್ನು ನಿಲ್ಲಿಸಿದ್ದೇವೆ ಅಂತ ಘೋಷಣೆಯಾದರೂ ಬೇರೆಯವರು ಎತ್ತಿಕೊಂಡು ಮುಂದುವರಿಸಿದರು. ಇವತ್ತು ಮೂಲ ರೂಬಿ, ಜೆರೂಬಿ, ಟ್ರಫಲ್‌ರೂಬಿ ಎಲ್ಲವೂ ಅದನ್ನು ಬಳಸುತ್ತವೆ. ಭಾಷೆಯ ವಿವರಣೆಯನ್ನು ಅದರ ನಕಲು ಮಾಡಲು ಹೊರಟವರು ಬರೆದುಕೊಟ್ಟರು.

ಪೈಥಾನ್ ಕಡೆಗೂ ಒಂದು ಋಣ ಇದೆ, ನೀವು ದಿನಾ ಅದನ್ನು ಬಳಸುತ್ತೀರಿ. ಡಿಕ್ಷನರಿಯಲ್ಲಿ ಸೇರಿಸಿದ ಕ್ರಮದಲ್ಲೇ ಕೀಗಳು ಹೊರಗೆ ಬರುತ್ತವಲ್ಲ, ಮೊದಲು ಹಾಗಿರಲಿಲ್ಲ. ಹೊಸ ರಚನೆಯ ಯೋಚನೆ ಕೊಟ್ಟದ್ದು ಸಿಪೈಥಾನ್‌ನವರೇ ಆದ ರೇಮಂಡ್ ಹೆಟಿಂಗರ್, 2012ರಲ್ಲಿ. ಒಂದು ದಟ್ಟವಾದ ಸಾಲಿನಲ್ಲಿ ಕೀ-ಮೌಲ್ಯಗಳು, ಪಕ್ಕದಲ್ಲಿ ಚಿಕ್ಕ ಇಂಡೆಕ್ಸ್ ಪಟ್ಟಿ, ಮೆಮೊರಿ ಉಳಿತಾಯ. ಅದನ್ನು ಮೊದಲು ಮಾಡಿ ಓಡಿಸಿ ತೋರಿಸಿದ್ದು ಪೈಪೈ, 2015ರಲ್ಲಿ. ಕ್ರಮ ಉಳಿಯುವುದು ಅದರಲ್ಲಿ ಬಿಟ್ಟಿ ಸಿಕ್ಕ ಲಾಭ. 2016ರ ಡಿಸೆಂಬರ್‌ನಲ್ಲಿ ಬಂದ 3.6ರಲ್ಲಿ ಸಿಪೈಥಾನ್ ಅದೇ ರೀತಿ ಮಾಡಿತು, 3.7ರಲ್ಲಿ ಅದು ಭಾಷೆಯ ನಿಯಮವೇ ಆಯಿತು. ಜೈಥಾನ್‌ನವರು ಮುಂದೆ ಯಾವತ್ತಾದರೂ ಅಲ್ಲಿಗೆ ಬಂದರೆ ಅವರೂ ಇದನ್ನು ಪಾಲಿಸಬೇಕು. ಅಂದರೆ ಒಂದು ಇಂಪ್ಲಿಮೆಂಟೇಶನ್‌ನ ಒಳಗಿನ ವಿವರ ಮೂರೇ ವರ್ಷದಲ್ಲಿ ಎಲ್ಲರ ಮೇಲೆ ಕಟ್ಟಳೆಯಾಯಿತು. ಖುಷಿಪಡಬೇಕೋ ಹೆದರಬೇಕೋ ಗೊತ್ತಾಗುವುದಿಲ್ಲ.

ನೀವು ಕೈ ಹಾಕಬಹುದಾ? ಹಾಕಿ. ಆದರೆ ಜಿಟ್‌ನಿಂದ ಶುರು ಮಾಡಬೇಡಿ, ಹೊಸದೊಂದು ಪೈಥಾನ್ ಬರೆಯುತ್ತೇನೆ ಅಂತಲೂ ಹೊರಡಬೇಡಿ. ಆಟಕ್ಕೆ ಬರೆಯುವುದಾದರೆ ಬರೆಯಿರಿ, ಕಲಿಯಲು ಅದಕ್ಕಿಂತ ಒಳ್ಳೆಯದಿಲ್ಲ, ಒಂದು ರಜೆಯಲ್ಲಿ ಸಣ್ಣ ಇಂಟರ್‌ಪ್ರಿಟರ್ ಓಡುತ್ತದೆ. ಬೇರೆಯವರು ಬಳಸಲಿ ಅಂತ ಬರೆಯುವುದು ಬೇರೆಯದೇ ಕೆಲಸ, ಅದನ್ನು ಇಷ್ಟು ಹೊತ್ತು ಹೇಳಿದ್ದೇನೆ. ನಿಮ್ಮಂಥವರಿಗೆ ಒಳ್ಳೆಯ ಬಾಗಿಲು ಸ್ಟ್ಯಾಂಡರ್ಡ್ ಲೈಬ್ರರಿ. ಪೈಪೈನಲ್ಲಿ ಕೆಲವು ಮಾಡ್ಯೂಲ್‌ಗಳು ಸಾದಾ ಪೈಥಾನ್ ಮತ್ತು ಸಿಎಫ್‌ಎಫ್‌ಐನಲ್ಲಿವೆ, ಎಸ್‌ಕ್ಯೂಲೈಟ್ ಅದರಲ್ಲಿ ಒಂದು. ಅದನ್ನು ಬದಲಾಯಿಸಲು ಪೂರ್ತಿ ಪೈಪೈ ಕಟ್ಟಬೇಕಿಲ್ಲ, ಇಳಿಸಿಕೊಂಡ ಪೈಪೈನಲ್ಲೇ ಫೈಲ್ ತಿದ್ದಿ ಓಡಿಸಿ ನೋಡಬಹುದು. ಅದಕ್ಕೆ ಸಂಬಂಧಪಟ್ಟ ಸಿಪೈಥಾನ್ ಟೆಸ್ಟ್ ಓಡಿಸಿ, ಬಿದ್ದದ್ದೊಂದನ್ನು ಆರಿಸಿಕೊಳ್ಳಿ, ಯಾಕೆ ಬಿತ್ತು ಅಂತ ಪತ್ತೆ ಮಾಡಿ. ಒಂದು ವಾರ ಹಿಡಿದರೆ ಬೇಜಾರು ಮಾಡಿಕೊಳ್ಳಬೇಡಿ.

ಅದಕ್ಕೂ ಮೊದಲು ನಿಮ್ಮದೇ ಪ್ರಾಜೆಕ್ಟ್ ಇದೆ. ನಂಪೈ ಲೂಪ್ ನಿಧಾನ ಅನ್ನುವುದು ಅವರಿಗೆ ಗೊತ್ತಿರುವ ವಿಷಯ, ಅದನ್ನು ವರದಿ ಮಾಡುವುದು ಬೇಡ. ಆದರೆ ಬರೀ ಪೈಥಾನ್ ಭಾಗದಲ್ಲಿ ಎಲ್ಲಾದರೂ ಸಿಪೈಥಾನ್‌ಗಿಂತ ನಿಧಾನವಾಗಿದ್ದರೆ ಅಥವಾ ಉತ್ತರ ಬೇರೆ ಬಂದರೆ ಅದು ಅವರಿಗೆ ಬೇಕಾದ ಮಾಹಿತಿ. ಇಡೀ ಪ್ರಾಜೆಕ್ಟ್ ಕಳಿಸಬೇಡಿ, ತೊಂದರೆ ಉಳಿಯುವಂತೆ ಕತ್ತರಿಸುತ್ತಾ ಇಪ್ಪತ್ತು ಸಾಲಿಗೆ ಇಳಿಸಿ. ಬರೀ ಒಂದೆರಡು ಸೆಕೆಂಡ್ ಓಡಿಸಿ ಅಳತೆ ತೆಗೆಯಬೇಡಿ, ಜಿಟ್ ಬಿಸಿಯಾಗಲು ಸಮಯ ಬೇಕು. ಪೈಪೈ ಆವೃತ್ತಿ ಯಾವುದು, ಕಂಪ್ಯೂಟರ್ ಇಂಟೆಲ್ ತರಹದ್ದಾ ಆರ್ಮ್‌ನದ್ದಾ ಅಂತ ಬರೆಯುವುದನ್ನು ಮರೆಯಬೇಡಿ. ಎರಡಕ್ಕೂ ಮೆಷಿನ್ ಕೋಡ್ ಮಾಡುವ ಭಾಗ ಬೇರೆಬೇರೆ, ಅದು ಗೊತ್ತಿಲ್ಲದಿದ್ದರೆ ಅವರ ಮೊದಲ ಉತ್ತರ ಅದನ್ನು ಕೇಳುವುದರಲ್ಲೇ ಹೋಗುತ್ತದೆ.